ಶಿರಸಿ ಕಾಳುಮೆಣಸು ಯುರೋಪಿಗೆ: ಮೊದಲ ಹೆಜ್ಜೆ ಎಲ್ಲಿಡಬೇಕು

ಹೊರದೇಶದಲ್ಲಿ ಕಂಪನಿ ತೆರೆಯುವ ಕನಸು ಸದ್ಯ ಅಟ್ಟದ ಮೇಲಿರಲಿ. ಬಹುರಾಷ್ಟ್ರೀಯ ಕಂಪನಿಗಳಲ್ಲೂ ಹಲವು ಮೊದಲು ರಫ್ತು, ಆಮೇಲೆ ಅಲ್ಲಿನ ವಿತರಕ, ಕೊನೆಗೆ ಸ್ವಂತ ಶಾಖೆ ಅಂತ ಮೆಟ್ಟಿಲು ಹತ್ತಿದವೇ.

ಕಾಗದಪತ್ರ ಸುಲಭ. ಡಿಜಿಎಫ್‌ಟಿ (ಕೇಂದ್ರದ ವಿದೇಶ ವ್ಯಾಪಾರ ನಿರ್ದೇಶನಾಲಯ) ಜಾಲತಾಣದಲ್ಲಿ 500 ರೂಪಾಯಿಗೆ ಐಇಸಿ, ಅಂದರೆ ಆಮದು-ರಫ್ತು ಸಂಕೇತ ಸಂಖ್ಯೆ; ಸಾಂಬಾರ ಮಂಡಳಿಯಲ್ಲಿ ರಫ್ತುದಾರರ ನೋಂದಣಿ. ವಿವರ ಬದಲಾಗದಿದ್ದರೂ ಪ್ರತಿ ವರ್ಷ ಏಪ್ರಿಲ್‌–ಜೂನ್ ಒಳಗೆ ಐಇಸಿ ದೃಢೀಕರಿಸಿ, ಇಲ್ಲವಾದರೆ ನಿಷ್ಕ್ರಿಯವಾಗುತ್ತದೆ.

ಕಷ್ಟ ಇರುವುದು ನಮ್ಮ ಅಂಗಳದಲ್ಲಿ. ಸಗಣಿ ಸಾರಿಸಿದ ನೆಲದಲ್ಲಿ ಕಾಳು ಹರವಿದರೆ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟಬಹುದು. 25 ಗ್ರಾಂ ಮಾದರಿಯಲ್ಲಿ ಅದು ಕಂಡರೆ ಸರಕು ಗಡಿಯಲ್ಲೇ ನಿಲ್ಲುತ್ತದೆ. ಅಡಿಕೆ ಬೇಯಿಸುವ ಒಲೆಯ ಹೊಗೆ ತಾಗಿದರೆ ಆಂಥ್ರಾಕ್ವಿನೋನ್ ಎಂಬ ಹಾನಿಕಾರಕ ರಾಸಾಯನಿಕದ ತಂಟೆ. ಒಣಗಿದ್ದು ಸಾಲದಿದ್ದರೆ ಬೂಷ್ಟು, ಅದರಿಂದ ಅಫ್ಲಾಟಾಕ್ಸಿನ್ ಎಂಬ ವಿಷ: ಯುರೋಪಿನ ಮಿತಿ ಕೆಜಿಗೆ ಅದರ ಬಿ1 ಎಂಬ ಬಗೆ 5 ಮೈಕ್ರೋಗ್ರಾಂ, ಎಲ್ಲ ಬಗೆ ಸೇರಿ 10. ಹಾಗಾಗಿ ಸಿಮೆಂಟ್ ಕಣ ಅಥವಾ ಶುಭ್ರ ಟಾರ್ಪಾಲು, ತೇವಾಂಶ ಶೇ. 11ರ ಆಸುಪಾಸು. ಹಲ್ಲಿನಲ್ಲಿ ಕಡಿದು ನೋಡುವುದು ಸಂತೆಗೆ ಸರಿ, ಇಲ್ಲಿ ಮೀಟರ್ ಬೇಕು. ಲೋಡ್ ಮಾಡುವ ಮೊದಲೇ ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯದ ವರದಿ ತರಿಸಿ.

ಕಾರವಾರ ಬಂದರು ಹತ್ತಿರ ಅಂತ ಲೆಕ್ಕ ಹಾಕಬೇಡಿ. ಮಂಗಳೂರು ಅಥವಾ ಕೊಚ್ಚಿಯ ಕಂಟೇನರ್ ಬಾಡಿಗೆ ಕೇಳಿ. ಎಫ್‌ಒಬಿ (ಹಡಗಿಗೆ ಏರಿಸಿ ಕೊಡುವ) ದರದಲ್ಲಿ ಹಡಗೇರುವವರೆಗಿನ ಖರ್ಚು ನಿಮ್ಮದೇ.

ವಿತರಕ ಇಡೀ ಯುರೋಪಿನ ಏಕಸ್ವಾಮ್ಯ ಕೇಳುತ್ತಾನೆ. ಒಂದು ದೇಶ, ಒಂದು ವರ್ಷ, ಕನಿಷ್ಠ ಖರೀದಿ ಇಷ್ಟು ಅಂತ ಬರೆಸಿಕೊಳ್ಳಿ. ಹಣ ಎಲ್‌ಸಿ (ಖರೀದಿದಾರನ ಬ್ಯಾಂಕು ಕೊಡುವ ಪಾವತಿ ಖಾತರಿ ಪತ್ರ) ಮೂಲಕವಾದರೆ ಇನ್‌ವಾಯ್ಸ್‌ನಲ್ಲಿ ಸರಕಿನ ವಿವರಣೆ ಎಲ್‌ಸಿಯಲ್ಲಿದ್ದಂತೆಯೇ ಇರಲಿ, ತಪ್ಪಿದರೆ ಬ್ಯಾಂಕು ಪಾವತಿ ತಡೆಯುತ್ತದೆ.