ಮೈಸೂರಲ್ಲಿ ಒಂದು ಭಾನುವಾರ: ಎಂಟ್ರಿ ಟಿಕೆಟ್ ತಗೊಳ್ದೆ ಮಕ್ಕಳ ಜೊತೆ ಸುತ್ತೋದು ಹೇಗೆ?

ಬೇಸಿಗೆ ರಜೆ ಬಂತು ಅಂದ್ರೆ ನಮ್ಮನೆಗೆ ಬೆಂಗಳೂರಿಂದ ನೆಂಟರು ಬರೋದು ಗ್ಯಾರಂಟಿ, ಬಂದ ತಕ್ಷಣ ಮಕ್ಕಳದ್ದು ಒಂದೇ ರಾಗ, ಝೂ ಝೂ ಝೂ. ಕರ್ಕೊಂಡು ಹೋಗೋದೇನೋ ಸರಿ, ಆದ್ರೆ ಏಳು ಜನಕ್ಕೆ ಝೂ, ಕಾರಂಜಿ ಕೆರೆ, ಅರಮನೆ ಒಳಗಡೆ ಅಂತ ಒಂದೇ ದಿನ ಟಿಕೆಟ್ ತಗೊಂಡ್ರೆ ಮಧ್ಯಾಹ್ನ ಊಟದ ಹೊತ್ತಿಗೆ ಪರ್ಸು ಬಡಕಲಾಗಿರುತ್ತೆ. ಹೋದ ವರ್ಷ ನಮ್ಮ ಭಾವ "ದುಡ್ಡು ಕೊಡ್ದೆ ನೋಡೋವಂಥದ್ದು ನಿಮ್ಮೂರಲ್ಲಿ ಏನೂ ಇಲ್ವೇನಪ್ಪಾ" ಅಂದ್ಬಿಟ್ರು. ಮೈಸೂರಿನವರನ್ನ ಹಂಗೆ ಕೇಳಬಾರದು. ಅವತ್ತೇ ಕೂತು ಹಾಕಿದ ಪ್ಲಾನ್ ಇದು.

ಮೊದಲನೇದು, ದಿನ ಆರಿಸ್ಕೊಳ್ಳೋದು. ಭಾನುವಾರವೇ ಇರಲಿ, ಯಾಕಂದ್ರೆ ಅರಮನೆ ದೀಪಾಲಂಕಾರ ಭಾನುವಾರ ಮತ್ತೆ ಸರ್ಕಾರಿ ರಜೆ ದಿನ ಸಂಜೆ. ಆಷಾಢ ಮಾಸ ಮಾತ್ರ ಬಿಟ್ಬಿಡಿ, ಶುಕ್ರವಾರಗಳ ರಶ್ಶು ಗೊತ್ತಲ್ಲ, ಭಾನುವಾರವೂ ಚಾಮುಂಡಿ ಬೆಟ್ಟದಲ್ಲಿ ಕಾಲಿಡೋಕಾಗಲ್ಲ.

ಎರಡನೇದು, ಬ್ಯಾಗು. ನೀರಿನ ಬಾಟ್ಲು, ಚಿತ್ರಾನ್ನದ ಡಬ್ಬಿ, ಟೋಪಿ, ಹೆಂಗಸರದ್ದು ಆಧಾರ್ ಕಾರ್ಡ್. ಆಧಾರ್ ಯಾಕೆ ಅಂದ್ರೆ 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಹೆಣ್ಮಕ್ಕಳಿಗೆ ಆರ್ಡಿನರಿ ಬಸ್ ಫ್ರೀ, ಏಸಿ ಬಸ್ಸಿಗೆ ಅದು ನಡೆಯಲ್ಲ. ನಮ್ಮ ಗುಂಪಲ್ಲಿ ಟಿಕೆಟ್ ತಗೊಳ್ಳೋರು ಭಾವ, ನಾನು, ಹುಡುಗ್ರು ಅಷ್ಟೇ.

ಇನ್ನು ಬೆಟ್ಟ. ಎಲ್ರೂ ಮಾಡೋ ತಪ್ಪು ಅಂದ್ರೆ ಪಾದದಿಂದ ಹತ್ತೋದು. ದೊಡ್ಡವರಿಗೆ ಅದೇ ಚೆಂದ, ಆದ್ರೆ ಆರೇಳು ವರ್ಷದ ಮಕ್ಕಳು ಇನ್ನೂರನೇ ಮೆಟ್ಟಿಲಿಗೇ ಎತ್ಕೋ ಅಂತಾವೆ, ಮೆಟ್ಟಿಲು ಇರೋದು ಸುಮಾರು ಸಾವಿರ! ಅದಕ್ಕೆ ಬೆಳಗ್ಗೆ ಆರೂವರೆ ಹೊತ್ತಿಗೆ ಸಿಟಿ ಬಸ್ ಸ್ಟ್ಯಾಂಡಿಗೆ ಬಂದು 201 ನಂಬರ್ ಬಸ್ ಹಿಡಿದು ಮೇಲಕ್ಕೆ ಹೋಗಿ, ಇಳಿಯೋವಾಗ ಮೆಟ್ಟಿಲಲ್ಲಿ ಇಳೀರಿ. ಚಾಮುಂಡೇಶ್ವರಿ ದರ್ಶನಕ್ಕೆ ಧರ್ಮ ದರ್ಶನದ ಸಾಲಲ್ಲಿ ನಿಂತ್ರೆ ದುಡ್ಡಿಲ್ಲ. ಮಹಿಷಾಸುರನ ಹತ್ರ ಒಂದು ಕೈಲಿ ಕತ್ತಿ ಇನ್ನೊಂದು ಕೈಲಿ ಹಾವು ನೋಡಿ ಮಕ್ಕಳು ಹದಿನೈದು ನಿಮಿಷ ಅಲ್ಲೇ ನಿಲ್ತಾವೆ, ನಿಲ್ಲಲಿ ಬಿಡಿ.

ಇಳಿಯೋವಾಗ ಒಂದು ಆಟ ಇಟ್ಕೊಳ್ಳಿ: ಮೆಟ್ಟಿಲು ಎಣಿಸೋದು. ಸುಮಾರು ಮುನ್ನೂರು ಇಳಿದ್ರೆ ನಂದಿ, ದೊಡ್ಡದೇವರಾಜ ಒಡೆಯರ ಕಾಲದ್ದು, ಒಂದೇ ಕಲ್ಲಲ್ಲಿ ಕಡೆದಿದ್ದು, ಹದಿನೈದು ಅಡಿ ಮೇಲೆ ಎತ್ತರ ಇದೆ. ನಮ್ಮ ಮೂರು ಮಕ್ಕಳು ಮೂರು ಲೆಕ್ಕ ಹೇಳಿ ಜಗಳ ಆಡ್ಕೊಂಡು ನಂದಿ ತನಕ ಬಂದ್ವು, ಕಾಲು ನೋವು ಅಂತ ಯಾವ್ದೂ ಬಾಯಿಬಿಡ್ಲಿಲ್ಲ. ಕೆಳಗಿಂದ ಯಾರಾದ್ರೂ ಹರಕೆ ಹೊತ್ತೋರು ಒಂದೊಂದು ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಕೊಂಡು ಬರ್ತಿದ್ರೆ ಪಕ್ಕಕ್ಕೆ ಸರಿದು ಜಾಗ ಕೊಡೋಕೆ ಹೇಳಿ. ಕೋತಿಗಳ ವಿಷ್ಯ ಹೇಳ್ಬೇಕಾಗಿಲ್ಲ, ಆದ್ರೂ ಹೇಳ್ತೀನಿ, ಪ್ಲಾಸ್ಟಿಕ್ ಕವರ್ ಕೈಲಿ ಹಿಡ್ಕೋಬೇಡಿ, ನಮ್ಮ ನಿಪ್ಪಟ್ಟು ಹೋಗಿದ್ದೇ ಹಂಗೆ. ದಾರಿಲಿ ಮರಗಳ ಸಂದಿಯಿಂದ ಊರು ಕಾಣ್ಸುತ್ತೆ. ಬಿಳೀ ಲಲಿತ ಮಹಲ್ ಎಲ್ಲಿ, ಅರಮನೆ ಎಲ್ಲಿ, ಚರ್ಚಿನ ಜೋಡಿ ಗೋಪುರ ಎಲ್ಲಿ ಅಂತ ಹುಡುಕಿಸಿ, ಸಂಜೆಯೊಳಗೆ ಅದ್ರಲ್ಲಿ ಎರಡಕ್ಕೆ ಹೋಗ್ತೀವಲ್ಲ.

ಬೆಟ್ಟ ಬೇಡ, ಮಂಡಿ ನೋವು ಅನ್ನೋ ಅಜ್ಜಿ ತಾತ ಇದ್ರೆ ಬದಲಿಗೆ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ್ದು. ಏರಿ ಮೇಲೆ ಮರದ ನೆರಳು, ಹೆಜ್ಜಾರ್ಲೆ, ನೀರುಕಾಗೆ, ಬಣ್ಣದ ಕೊಕ್ಕರೆ. ಪೂರ್ತಿ ಸುತ್ತು ಹಾಕ್ಲೇಬೇಕು ಅಂತೇನಿಲ್ಲ, ಕಲ್ಲು ಬೆಂಚಿನ ಮೇಲೆ ಕೂತ್ರೂ ಹಕ್ಕಿ ಕಾಣ್ತಾವೆ.

ಹನ್ನೆರಡರಿಂದ ಮೂರು ಗಂಟೆ ತನಕ ಎಲ್ಲಿಗೂ ಹೋಗ್ಬೇಡಿ. ಊಟ ಮಾಡಿ ಮಲ್ಗಿ.

ಮೂರೂವರೆಗೆ ಅಶೋಕ ರಸ್ತೆ ಸೇಂಟ್ ಫಿಲೋಮಿನಾ ಚರ್ಚು. ಬೆಳಗ್ಗೆ ನೋಡಿದ್ದ ಗೋಪುರ ಈಗ ತಲೆ ಮೇಲೆ, 175 ಅಡಿ. ಒಳಗೆ ಫೋಟೋ ತೆಗಿಯಂಗಿಲ್ಲ, ಪ್ರಾರ್ಥನೆ ನಡೀತಿದ್ರೆ ಹೊರಗೇ ಇರಿ. ಬಣ್ಣದ ಗಾಜಿನ ಕಿಟಕಿ ನೋಡೋಕೆ ಹತ್ತು ನಿಮಿಷ ಸಾಕು.

ಅಲ್ಲಿಂದ ಅದೇ ರಸ್ತೆಲಿ ಅರಮನೆ ಕಡೆ ಬಂದ್ರೆ ದೊಡ್ಡ ಗಡಿಯಾರ. ನಾಲ್ವಡಿ ಕೃಷ್ಣರಾಜ ಒಡೆಯರು ಆಡಳಿತ ಕೈಗೆ ತಗೊಂಡು ಇಪ್ಪತ್ತೈದು ವರ್ಷ ಆದಾಗ, 1927ರಲ್ಲಿ, ಅರಮನೆ ನೌಕರರು ಸೇರಿ ಕಟ್ಟಿಸಿದ್ದು. ಇಲ್ಲಿ ಮಕ್ಕಳಿಗೆ ಪರೀಕ್ಷೆ: ಟೈಮ್ ಎಷ್ಟು? ಅಂಕಿ ಎಲ್ಲಾ ಕನ್ನಡದಲ್ಲಿದೆ. ನಮ್ಮ ಭಾವನ ಮಗಳು, ಏಳನೇ ಕ್ಲಾಸು, ೭ ನೋಡ್ಕೊಂಡು ಇದು ಆರಾ ಏಳಾ ಅಂತ ನಿಂತಿದ್ಲು, ಭಾವನ ಮುಖ ನೋಡ್ಬೇಕಿತ್ತು.

ಆಮೇಲೆ ದೇವರಾಜ ಮಾರ್ಕೆಟ್, ಚಿಕ್ಕ ಗಡಿಯಾರದ ಪಕ್ಕದಲ್ಲಿ. ನನ್ನ ಲೆಕ್ಕದಲ್ಲಿ ಇಡೀ ದಿನದಲ್ಲಿ ಮಕ್ಕಳಿಗೆ ನೆನಪುಳಿಯೋದು ಇದೇ. ಕುಂಕುಮ, ರಂಗೋಲಿ ಬಣ್ಣದ ಗುಡ್ಡೆಗಳು, ಹೂವಿನ ಸಾಲಲ್ಲಿ ಮಾರು ಹಾಕೋರ ಕೈ ಓಡೋ ಸ್ಪೀಡು, ಬಾಳೆಗೊನೆ ಹೊತ್ಕೊಂಡು "ದಾರಿ ದಾರಿ" ಅಂತ ಬರೋರು. ಇಲ್ಲಿ ಮಾಡ್ಬೇಕಾದ ಕೆಲಸ ಮೂರು ವಸ್ತು ಹುಡುಕೋದು: ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ನಂಜನಗೂಡು ರಸಬಾಳೆ. ಮೂರಕ್ಕೂ ಜಿಐ ಟ್ಯಾಗ್ ಇದೆ, ಈ ನೆಲದ್ದು ಅಂತ. ಮೊದಲೆರಡು ಮೂಸಿ ನೋಡೇ ಕಂಡುಹಿಡೀಬಹುದು, ರಸಬಾಳೆ ಸುಲಭಕ್ಕೆ ಸಿಗಲ್ಲ, ಅಸಲಿನಾ ಅಂತ ಕೇಳಿದ್ರೆ ಅಂಗಡಿಯವರು ಅದೇ ಒಂದು ಕಥೆ ಹೇಳ್ತಾರೆ, ಕೇಳಿಸ್ಕೊಳ್ಳಿ. ಜನ ನುಗ್ಗಿ ಬರ್ತಾರೆ, ಚಿಕ್ಕವರ ಕೈ ಬಿಡ್ಬೇಡಿ. ಒಂದು ಮಾರು ಹೂವು ತಗೊಂಡ್ರೆ ಅದು ಪ್ಲಾನ್ ಮುರಿದಂಗಲ್ಲ.

ಕೊನೇದು ಅರಮನೆ, ಆರೂವರೆ ಒಳಗೆ ಸೇರ್ಕೊಳ್ಳಿ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟುಹೋಗಿ, 1912ಕ್ಕೆ ಮುಗಿದಿದ್ದು ಈಗಿರೋದು, ಖರ್ಚು 41,47,913 ರೂಪಾಯಿ ಅಂತ ಲೆಕ್ಕ ಇದೆ. ದೀಪ ನೋಡೋ ನಮಗೆ ಸೊನ್ನೆ. ಮುಂದೆ ಮುಂದೆ ಹೋಗಿ ಕಟ್ಟಡಕ್ಕೆ ಅಂಟ್ಕೊಂಡು ನಿಲ್ಬೇಡಿ, ಹಿಂದಕ್ಕೆ ಬಂದು ಪೂರ್ತಿ ಮುಂಭಾಗ ಕಾಣೋ ಕಡೆ ನೆಲದ ಮೇಲೆ ಕೂರಿ, ಚಿಕ್ಕ ಮಗು ಹೆಗಲ ಮೇಲೆ ಇರಲಿ. ಏಳು ಗಂಟೆಗೆ ಹತ್ತಿರ ಹತ್ತಿರ ಒಂದು ಲಕ್ಷ ಬಲ್ಬು ಒಟ್ಟಿಗೇ ಹತ್ಕೊಳ್ಳುತ್ತೆ, ಆಗ ಇಡೀ ಜನ ಒಂದೇ ಸಲ "ಹೋ" ಅಂತಾರೆ. ಆ ಟೈಮಲ್ಲಿ ಫೋನ್ ನೋಡ್ತಿದ್ರೆ ಹೋಯ್ತು, ಇನ್ನೊಂದು ಸಲ ಹತ್ಸಲ್ಲ. ಒಳಗೆ ತುಂಬಾ ರಶ್ಶು ಅನ್ಸಿದ್ರೆ ಪೂರ್ವದ ಜಯಮಾರ್ತಾಂಡ ಬಾಗಿಲ ಹೊರಗಿಂದಾನೂ ಕಾಣ್ಸುತ್ತೆ.

ಮುಕ್ಕಾಲು ಗಂಟೆಯೊಳಗೆ ಆಫ್ ಮಾಡ್ತಾರೆ. ಆಫ್ ಆಗೋಕೆ ಹತ್ತು ನಿಮಿಷ ಮುಂಚೆನೇ ಎದ್ದು ಸಿಟಿ ಬಸ್ ಸ್ಟ್ಯಾಂಡ್ ಕಡೆ ಹೆಜ್ಜೆ ಹಾಕಿ, ಆಮೇಲೆ ಬಂದ್ರೆ ಸೀಟೂ ಸಿಗಲ್ಲ, ನಿದ್ದೆ ಹೋದ ಮಗುನ ಎತ್ಕೊಂಡು ನಿಂತೇ ಹೋಗ್ಬೇಕಾಗುತ್ತೆ.