ಸುರಂಗದ ನೀರು, ಹಪ್ಪಳದ ಚೀಟಿ, ತ್ರಿವುಡೆ ತಾಳ: ಬೇಸಗೆ ರಜೆಯ ಕಲಿಕೆ – ನನ್ನ ಅನುಭವ

ಮಾರ್ಚ್ ಕೊನೆಗೆ ಪರೀಕ್ಷೆ ಮುಗಿದು ಜೂನ್ ಮೊದಲ ವಾರದಲ್ಲಿ ಶಾಲೆ ತೆರೆಯುವವರೆಗಿನ ಎರಡು ತಿಂಗಳಲ್ಲಿ ಮಕ್ಕಳು ಕಲಿತದ್ದನ್ನು ಮರೆಯದಂತೆ ಮಾಡಲು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಸಮೀಪದ ನಮ್ಮ ಅಡಿಕೆ ತೋಟದ ಮನೆಯಲ್ಲಿ ನಾನು ನಾಲ್ಕೈದು ವರ್ಷಗಳಿಂದ ಪ್ರಯತ್ನಿಸುತ್ತಿದ್ದೇನೆ. ಮೊದಲಿನ ಬೇಸಗೆಗಳಲ್ಲಿ ಹಣ ಹೋಯಿತೇ ಹೊರತು ಕಲಿಕೆ ನಡೆಯಲಿಲ್ಲ. ಆಮೇಲೆ ನಾನು ಹಿಡಿದ ದಾರಿಯನ್ನು ಕಂಡು, ಮಕ್ಕಳನ್ನು ಪೇಟೆಯ ಶಿಬಿರಕ್ಕೆ ಕಳುಹಿಸುವ ಬದಲು ಮನೆಗೆಲಸಕ್ಕೆ ಹಚ್ಚಿದ್ದಾಳೆ ಎಂದು ಆಡಿಕೊಂಡವರು ಬಂಧುಗಳಲ್ಲಿ ಇದ್ದರು, ನಮ್ಮ ಚಾವಡಿಯಲ್ಲೂ ಇದ್ದರು. ಕಳೆದ ವರ್ಷ ಅದರ ಫಲ ಎಲ್ಲರ ಕಣ್ಣಿಗೂ ಕಂಡಿದೆ. ಇದೇ ಚಿಂತೆಯಲ್ಲಿರುವ ತಾಯ್ತಂದೆಯರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ. ಮಗಳು ಆಗ ಐದನೆಯ ತರಗತಿ ಮುಗಿಸಿದ್ದಳು, ಮಗ ಎರಡನೆಯದನ್ನು. ನೆರೆಮನೆಯ ಇಬ್ಬರು ಮಕ್ಕಳು ಬೆಳಿಗ್ಗೆ ಬಂದರೆ ಊಟದ ಹೊತ್ತಿಗೇ ಹಿಂದಿರುಗುತ್ತಿದ್ದರು.

ಹಣ ಹೋದ ಬಗೆಯನ್ನು ಮೊದಲು ಹೇಳುತ್ತೇನೆ. ಮಂಗಳೂರಿನಿಂದ ತರಿಸಿದ ಬಣ್ಣಬಣ್ಣದ ಅಭ್ಯಾಸ ಪುಸ್ತಕಗಳಿಗೆ ಎಂಟುನೂರೋ ಒಂಬೈನೂರೋ ರೂಪಾಯಿ ಆಗಿತ್ತು. ವಿಷು ಹಬ್ಬದವರೆಗೆ ಮಕ್ಕಳು ಹಟಕ್ಕೆ ಬಿದ್ದವರಂತೆ ಪುಟ ತುಂಬಿಸಿದರು, ಹಬ್ಬ ಕಳೆದ ಮೇಲೆ ಅವನ್ನು ತೆರೆಯಲಿಲ್ಲ. ಮುಂದಿನ ವರ್ಷ ಮೊಬೈಲಿನಲ್ಲಿ ಪಾಠ ಹೇಳುವ ಒಂದು ಆ್ಯಪ್‌ಗೆ ವರ್ಷದ ಚಂದಾ ಎಂದು 3,000 ರೂಪಾಯಿಗೂ ಹೆಚ್ಚು ಕೊಟ್ಟೆವು. ನಮ್ಮ ಗುಡ್ಡದ ಬುಡದಲ್ಲಿ ಸಿಗ್ನಲ್ ಸಿಗುವುದು ಹಟ್ಟಿಯ ಹಿಂದಿನ ಒಂದು ಮೂಲೆಯಲ್ಲಿ ಮಾತ್ರ, ಅದೂ ಮೋಡವಿಲ್ಲದಾಗ. ಪಾಠಗಳು ಇಂಗ್ಲಿಷಿನಲ್ಲಿದ್ದುದರಿಂದ ಕನ್ನಡ ಮಾಧ್ಯಮದ ಮಕ್ಕಳಿಗೆ ಅರ್ಧ ಅರ್ಥವಾಗುತ್ತಿತ್ತು, ಉಳಿದರ್ಧ ಚಿತ್ರ ನೋಡುವುದರಲ್ಲಿ ಕಳೆಯುತ್ತಿತ್ತು. ಗೋಡೆಗೆ ಅಂಟಿಸಿದ ವೇಳಾಪಟ್ಟಿಯೂ ಉಳಿಯಲಿಲ್ಲ. ದಿನಚರಿ ಬರೆಯಿಸಿದರೆ "ಇಂದು ಎದ್ದೆ, ತಿಂಡಿ ತಿಂದೆ, ಆಡಿದೆ" ಎಂಬ ಮೂರು ಸಾಲುಗಳು ದಿನಾಂಕವೊಂದನ್ನು ಬದಲಾಯಿಸಿಕೊಂಡು ಮರಳಿ ಮರಳಿ ಬಂದವು.

ಇವೆಲ್ಲವೂ ಬಿದ್ದುಹೋಗಲು ಕಾರಣ ಒಂದೇ ಎಂದು ನನಗೆ ತೋರಿತು. ಮಗು ಬರೆದದ್ದು, ಎಣಿಸಿದ್ದು ಯಾರಿಗೂ ಬೇಕಾಗಿರಲಿಲ್ಲ. ಸರಿ ತಪ್ಪು ನೋಡಿ ಗುರುತು ಹಾಕುವುದಕ್ಕಷ್ಟೇ ಅದು ಹುಟ್ಟುತ್ತಿತ್ತು. ಮಗುವಿನ ಅಂಕೆಯನ್ನು ನಂಬಿ ಮನೆಯಲ್ಲಿ ಒಂದು ಕೆಲಸ ನಡೆಯಬೇಕು, ಮಗುವಿನ ಬರಹಕ್ಕೆ ಕಾದು ಕುಳಿತ ಓದುಗರೊಬ್ಬರು ಇರಬೇಕು ಎಂಬ ಕಟ್ಟಳೆಯನ್ನು ನಾನು ನನಗೇ ಹಾಕಿಕೊಂಡೆ. ಮುಂದೆ ಹೇಳುವುದೆಲ್ಲ ಆ ಕಟ್ಟಳೆಯಿಂದ ಹುಟ್ಟಿದ್ದು.

ಮೊದಲು ಕೈಗೆತ್ತಿಕೊಂಡದ್ದು ಸುರಂಗದ ನೀರನ್ನು. ಕಾಸರಗೋಡಿನ ಮುರಕಲ್ಲಿನ ಗುಡ್ಡಗಳಲ್ಲಿ ಸುರಂಗ ಕೊರೆದು ನೀರು ತರುವ ಪದ್ಧತಿಯನ್ನು ನಮ್ಮವರಿಗೆ ವಿವರಿಸಬೇಕಾಗಿಲ್ಲ. ನಮ್ಮ ಸುರಂಗದ ನೀರು ಅಡಿಕೆ ಮರದ ದಂಬೆಯಲ್ಲಿ (ಮರವನ್ನು ಸೀಳಿ ಮಾಡಿದ ಕಾಲುವೆಯಲ್ಲಿ) ಹರಿದು ಬಂದು ಕೆರೆಗೆ ಬೀಳುತ್ತದೆ. ಮಕ್ಕಳು ಸುರಂಗದೊಳಗೆ ಕಾಲಿಡಕೂಡದು, ದಂಬೆಯ ತುದಿಯಲ್ಲಿ ಮಾತ್ರ ಅಳೆಯಬೇಕು, ಕೆರೆಯ ಬದಿಗೆ ಹೋಗುವಾಗ ದೊಡ್ಡವರೊಬ್ಬರು ಜೊತೆಗಿರಬೇಕು ಎಂಬುದು ಮೊದಲ ದಿನದಿಂದಲೇ ಇದ್ದ ಷರತ್ತು. ಕೆಲಸ ಇಷ್ಟೇ: 10 ಲೀಟರಿನ ಬಾಲ್ದಿಯನ್ನು ದಂಬೆಯ ಕೆಳಗೆ ಇಟ್ಟು, ತುಂಬಲು ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ನೋಡಿ ಬರೆಯುವುದು. ಏಪ್ರಿಲ್ ಆರಂಭದಲ್ಲಿ ಹೆಚ್ಚುಕಡಿಮೆ 2 ನಿಮಿಷದಲ್ಲಿ ತುಂಬುತ್ತಿದ್ದ ಬಾಲ್ದಿ ಮೇ ನಡುವಿನ ಹೊತ್ತಿಗೆ 5 ನಿಮಿಷ ತೆಗೆದುಕೊಳ್ಳುತ್ತಿತ್ತು.

ಮೊದಲ ವಾರ ಇದೂ ಆಟವಾಗಿಯೇ ಉಳಿಯಿತು, ಏಕೆಂದರೆ ಆ ಅಂಕೆಯಿಂದ ಏನೂ ನಡೆಯುತ್ತಿರಲಿಲ್ಲ. ಅಡಿಕೆ ಮರವೊಂದಕ್ಕೆ ಹನಿ ನೀರಾವರಿಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ನೀರು ಬೇಕು ಎಂಬುದನ್ನು ಮಗಳಿಗೆ ಹೇಳಿ, ಈ ನೀರು ಎಷ್ಟು ಮರಗಳಿಗೆ ಸಾಕಾದೀತೆಂದು ಅಜ್ಜನಿಗೆ ತಿಳಿಸಲು ಹೇಳಿದ ದಿನದಿಂದ ಬೇರೆಯೇ ಆಯಿತು. ಅವಳು 18 ಎಂದು ಹಿಡಿದುಕೊಂಡಳು. 2 ನಿಮಿಷಕ್ಕೆ 10 ಲೀಟರ್ ಎಂದರೆ ಗಂಟೆಗೆ 300, ದಿನಕ್ಕೆ 7,200 ಲೀಟರ್, ಅಂದರೆ 400 ಮರ. 5 ನಿಮಿಷಕ್ಕೆ ಬಂದಾಗ ದಿನಕ್ಕೆ 2,880 ಲೀಟರ್, ಅಂದರೆ 160 ಮರ. ಗುಣಾಕಾರ, ಭಾಗಾಕಾರ, ಘಟಕಗಳ ಪರಿವರ್ತನೆ ಎಲ್ಲವೂ ಒಂದೇ ಲೆಕ್ಕದಲ್ಲಿ ಬಂದವು. ಮಕ್ಕಳ ಬಾಲ್ದಿಯಾಟವನ್ನು ಕಂಡು ಮೊದಲು ತಲೆಯಲ್ಲಾಡಿಸಿದ್ದ ಮಾವನವರು, ಮೇ ತಿಂಗಳಲ್ಲಿ ಕೆಳಗಿನ ತೋಟಕ್ಕೆ ನೀರು ಬಿಡುವ ಸರದಿಯನ್ನು ತೀರ್ಮಾನಿಸುವ ಮುನ್ನ ಮೊಮ್ಮಗಳ ಪುಸ್ತಕ ತರಿಸಿ ನೋಡತೊಡಗಿದರು. ಇಷ್ಟು ವರ್ಷದ ಅಂದಾಜಿನ ಬದಲು ಬರೆದಿಟ್ಟ ಅಂಕೆಯನ್ನು ಅವರು ಒಪ್ಪಿದ್ದು ನನಗೆ ದೊಡ್ಡ ಪ್ರಶಸ್ತಿ ಬಂದಷ್ಟು ಸಂತೋಷ ಕೊಟ್ಟಿದೆ. ದಿನಾಂಕವನ್ನು ಅಡ್ಡಕ್ಕೂ ನಿಮಿಷವನ್ನು ಲಂಬಕ್ಕೂ ಹಾಕಿ ನಕ್ಷೆ ಬರೆಯುವುದನ್ನು ಅವಳು ಆಗಲೇ ಕಲಿತಳು, ಮಳೆ ಬಂದ ಮರುದಿನ ಗೆರೆ ಕೆಳಗಿಳಿಯಲಿಲ್ಲವೇಕೆ ಎಂದು ತಾನಾಗಿ ಕೇಳಿದಳು. ಗುಡ್ಡದ ಮೇಲೆ ಬಿದ್ದ ನೀರು ಕಲ್ಲಿನೊಳಗೆ ಇಳಿದು ಸುರಂಗಕ್ಕೆ ಬರಲು ಸಮಯ ಬೇಕೆಂಬ ಉತ್ತರವನ್ನು ಅಜ್ಜನೇ ಕೊಟ್ಟರು.

ಬರವಣಿಗೆಗೆ ಅಡುಗೆಮನೆ ಒದಗಿತು. ಏಪ್ರಿಲ್‌ನಲ್ಲಿ ಹಲಸಿನಕಾಯಿಯ ಹಪ್ಪಳ ಮಾಡದ ಮನೆ ನಮ್ಮ ಕಡೆ ಕಡಿಮೆ. ಅತ್ತೆಯವರು ಹೇಳುತ್ತ ಹೋದಂತೆ ಮಗಳು ಹಪ್ಪಳ ಮಾಡುವ ಕ್ರಮವನ್ನು ಬರೆದುಕೊಳ್ಳಬೇಕು, ಮರುದಿನ ನೆರೆಮನೆಯ ಹುಡುಗ ಆ ಚೀಟಿಯನ್ನು ಮಾತ್ರ ಓದಿ, ಬಾಯಿಬಿಟ್ಟು ಏನನ್ನೂ ಕೇಳದೆ, ಸಣ್ಣ ಪಾಲೊಂದನ್ನು ಮಾಡಬೇಕು ಎಂದು ನಿಯಮ ಮಾಡಿದೆ. ಬಿಸಿ ನೀರು ಮತ್ತು ಒಲೆ ನನ್ನ ಕೈಯಲ್ಲಿದ್ದವು. ಚೀಟಿಯಲ್ಲಿ ಉಪ್ಪು "ಬೇಕಾದಷ್ಟು" ಎಂದಿತ್ತು. ಆ ಪಾಲಿನ ಹಪ್ಪಳವನ್ನು ಬಾಯಿಗಿಡಲಾಗಲಿಲ್ಲ. ಸೊಳೆಯನ್ನು (ಹಲಸಿನ ತೊಳೆಯನ್ನು) ಬೇಯಿಸಿದ ಮೇಲೆ ಕಡೆಯಬೇಕೋ (ರುಬ್ಬಬೇಕೋ) ಮೊದಲೇ ಕಡೆಯಬೇಕೋ ಎಂಬುದೂ ಬರಹದಿಂದ ತಿಳಿಯುತ್ತಿರಲಿಲ್ಲ. ಮೂರನೆಯ ಬಾರಿಯೋ ನಾಲ್ಕನೆಯ ಬಾರಿಯೋ ಬರೆದಾಗ ಆ ಚೀಟಿ ಒಂದು ಒಳ್ಳೆಯ ಗದ್ಯವಾಗಿತ್ತು: ಕ್ರಮ ತಪ್ಪದ ವಾಕ್ಯಗಳು, ಅಳತೆಗಳು, ಎಚ್ಚರಿಕೆಗಳು. ಪ್ರಬಂಧ ಬರೆಯಿಸಿ ನೂರು ಕಡೆ ಕೆಂಪು ಗೆರೆ ಎಳೆದರೂ ಇಷ್ಟು ಸ್ಪಷ್ಟತೆ ಬರುತ್ತಿರಲಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಅತ್ತೆಯವರ ಅಳತೆಗಳು ಕುಡ್ತೆ, ಪಾವು, ಸೇರುಗಳಲ್ಲಿ ಇರುತ್ತವೆ. ಅವನ್ನು ಗ್ರಾಮಿಗೆ ತರಲು ಸುಮಾರು 350 ರೂಪಾಯಿ ಕೊಟ್ಟು ಅಡುಗೆಮನೆಯ ಚಿಕ್ಕ ತೂಕದ ಯಂತ್ರವೊಂದನ್ನು ತಂದೆ. ಇಡೀ ಪ್ರಯತ್ನದಲ್ಲಿ ಹೆಚ್ಚು ಕೆಲಸಕ್ಕೆ ಬಂದ ವಸ್ತು ಅದೇ. ಒಂದೇ ಕುಡ್ತೆಯಲ್ಲಿ ಅಕ್ಕಿ, ಉಪ್ಪು, ಅವಲಕ್ಕಿ ಮೂರನ್ನೂ ಅಳೆದು ತೂಗಿದಾಗ ಮೂರು ಅಂಕೆ ಬಂದದ್ದನ್ನು ಕಂಡು ಎರಡನೆಯ ತರಗತಿಯ ಮಗ ಬೆರಗಾದ, ಮನೆಯಲ್ಲಿ ತೂಗದೆ ಬಿಟ್ಟ ವಸ್ತು ಆಮೇಲೆ ಉಳಿಯಲಿಲ್ಲ. ಕಾಟುಮಾವಿನ ಹಣ್ಣಿನ ರಸವನ್ನು ಚಾಪೆಯ ಮೇಲೆ ಪದರ ಪದರವಾಗಿ ಎರೆದು ಮಾಂಬಳ ಮಾಡುವಾಗ, ಎರೆದ ರಸದ ತೂಕವನ್ನು ದಿನವೂ ಬರೆದಿಟ್ಟು, ಕೊನೆಗೆ ಒಣಗಿದ ಮಾಂಬಳ ಎಷ್ಟು ತೂಗೀತೆಂದು ಮೊದಲೇ ಊಹಿಸಿ ಬರೆಯಲು ಹೇಳಿದೆ. ಎಲ್ಲರೂ ಅರ್ಧ ಎಂದು ಬರೆದರು, ಕೈಗೆ ಬಂದದ್ದು ಐದನೆಯ ಒಂದು ಪಾಲಿನ ಆಸುಪಾಸು. ಉಳಿದ ನಾಲ್ಕು ಪಾಲು ಎಲ್ಲಿ ಹೋಯಿತೆಂಬ ಚರ್ಚೆ ಊಟದ ಹೊತ್ತಿನಲ್ಲೂ ನಡೆಯಿತು. ಹಲಸಿನ ಬೇಳೆಯನ್ನೂ ಹೀಗೆಯೇ ಒಣಗಿಸಿ ತೂಗಿದರು, ಅದು ಅರ್ಧಕ್ಕಿಂತ ತುಸು ಕೆಳಗೆ ನಿಂತಿತು.

ದಿನಚರಿಯ ಜಾಗಕ್ಕೆ ಅಂಚೆ ಕಾರ್ಡು ಬಂತು. 50 ಪೈಸೆಯ ಕಾರ್ಡುಗಳನ್ನು ಒಂದು ಕಟ್ಟು ತಂದಿಟ್ಟು, ಕರ್ನಾಟಕದ ವಿಟ್ಲದ ನನ್ನ ತವರಿಗೆ ಅಮ್ಮನ ಹೆಸರಿಗೆ ವಾರಕ್ಕೊಂದು ಬರೆಯಬೇಕು ಎಂದೆ. ಗಡಿಯಾಚೆಗೆ ಹೋಗಿ ಉತ್ತರ ಬರಲು ಹತ್ತು ದಿನವೂ ಆಗುತ್ತಿತ್ತು. ಆ ಕಾಯುವಿಕೆಯೇ ಮುಂದಿನ ಕಾರ್ಡನ್ನು ಬರೆಯಿಸಿತು. ಅಮ್ಮನಿಗೆ ನಾನು ಹೇಳಿಕೊಟ್ಟದ್ದು ಒಂದೇ: ಪ್ರತಿ ಉತ್ತರದಲ್ಲೂ ಮೊಮ್ಮಕ್ಕಳಿಗೆ ಒಂದು ಪ್ರಶ್ನೆ ಇರಬೇಕು. ಕಾರ್ಡಿನ ಜಾಗ ಕಿರಿದಾದ್ದರಿಂದ ಮಗ ಅಕ್ಷರಗಳನ್ನು ಸಣ್ಣದಾಗಿ, ಒತ್ತಕ್ಷರಗಳನ್ನು ಸರಿಯಾದ ಜಾಗದಲ್ಲಿ ಬರೆಯಲು ಕಲಿತ. ಸುತ್ತಲಿನ ಬೋರ್ಡುಗಳು, ಬಸ್ಸಿನ ಹಲಗೆಗಳು, ಮೊಬೈಲಿನ ಸಂದೇಶಗಳು ಮಲಯಾಳ ಅಥವಾ ಇಂಗ್ಲಿಷಿನಲ್ಲಿರುವ ನಮ್ಮ ಊರಿನಲ್ಲಿ, ರಜೆಯ ಎರಡು ತಿಂಗಳಲ್ಲಿ ಮಗುವಿನ ಕೈಯಿಂದ ಕನ್ನಡ ಬರಹ ಜಾರದಂತೆ ನೋಡಿಕೊಳ್ಳುವುದು ನನಗೆ ಲೆಕ್ಕಕ್ಕಿಂತಲೂ ಮುಖ್ಯವಾದ ಕೆಲಸ. ಹಾಗೆಂದು ಮಲಯಾಳವನ್ನು ದೂರವಿಡಲಿಲ್ಲ. ಪೇಟೆಗೆ ಹೋದಾಗ ಬಸ್ಸಿನ ಹಲಗೆ ಓದಿ ಯಾವುದಕ್ಕೆ ಹತ್ತಬೇಕೆಂದು ಹೇಳುವ ಹೊಣೆ ಮಕ್ಕಳದೇ.

ಮಗ್ಗಿಯ ವಿಷಯದಲ್ಲಿ ಮನೆಯವರ ಮದ್ದಳೆ ನೆರವಾಯಿತು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯ ಮಕ್ಕಳಿಗೆ ಯಕ್ಷಗಾನದ ತಾಳ ಹೊಸದಲ್ಲ, ಪತ್ತನಾಜೆಯವರೆಗೆ (ಮೇ ಕೊನೆಯಲ್ಲಿ ಆಟದ ಕಾಲ ಮುಗಿಯುವ ದಿನ) ರಾತ್ರಿ ಆಟಗಳು ನಡೆಯುತ್ತಲೇ ಇರುತ್ತವೆ. ತ್ರಿವುಡೆ ತಾಳಕ್ಕೆ 7 ಅಕ್ಷರ, ಅಂದರೆ 7 ಎಣಿಕೆ. ಕೈಯಲ್ಲಿ ತಾಳ ಹಾಕುತ್ತ ಪ್ರತಿ ಆವರ್ತನದ ಕೊನೆಗೆ 7, 14, 21 ಎಂದು ಕೂಗಿದರೆ ಏಳರ ಮಗ್ಗಿ ಬಾಯಿಪಾಠದ ಕಷ್ಟವಿಲ್ಲದೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಹೋಗಿ, ಒಬ್ಬರು 4 ಅಕ್ಷರದ ಏಕ ತಾಳ, ಇನ್ನೊಬ್ಬರು 6 ಅಕ್ಷರದ ರೂಪಕ ತಾಳವನ್ನು ಒಂದೇ ವೇಗದಲ್ಲಿ ಆರಂಭಿಸಿದರೆ ಇಬ್ಬರ ಮೊದಲ ಪೆಟ್ಟು ಮತ್ತೆ ಯಾವಾಗ ಕೂಡುತ್ತದೆಂದು ಕೇಳಿದೆ. ಪ್ರತಿ 12 ಅಕ್ಷರಕ್ಕೊಮ್ಮೆ ಕೂಡುವುದನ್ನು ಕಿವಿಯಿಂದಲೇ ಕಂಡುಕೊಂಡರು. ಲಘುತಮ ಸಾಮಾನ್ಯ ಅಪವರ್ತ್ಯ ಎಂಬ ಪಾಠ ಶಾಲೆಯಲ್ಲಿ ಬಂದಾಗ ಮಗಳು ಕೈಬೆರಳಲ್ಲಿ ತಾಳ ಹಾಕಿ ಉತ್ತರ ಹೇಳಿದ್ದಾಳೆ. ಹತ್ತಕ್ಷರದ ಝಂಪೆಯನ್ನು ತ್ರಿವುಡೆಯೊಡನೆ ಕೂಡಿಸಲು ಹೋದದ್ದು ಮಾತ್ರ ಫಲಿಸಲಿಲ್ಲ. 70ರವರೆಗೆ ತಾಳ ತಪ್ಪದೆ ನಡೆಯುವುದು ಈ ವಯಸ್ಸಿಗೆ ಹೆಚ್ಚಾಯಿತು.

ನಡುವೆ ಒಂದು ಪ್ರಯೋಗ ತಾನಾಗಿಯೇ ಬೆಳೆಯಿತು. ಅಡಿಕೆ ಒಣಗಿಸುವ ಅಂಗಳದಲ್ಲಿ ನೇರವಾಗಿ ನಿಲ್ಲಿಸಿದ ಪೈಪಿನ ನೆರಳನ್ನು ಏಪ್ರಿಲ್ ಆರಂಭದಿಂದ ಮಧ್ಯಾಹ್ನ ಅಳೆಯುತ್ತ ಬಂದೆವು. ನೆರಳು ದಿನದಿನಕ್ಕೆ ಗಿಡ್ಡವಾಗಿ, 23–24ರ ಹೊತ್ತಿಗೆ ಪೈಪಿನ ಬುಡದಲ್ಲೇ ಅಡಗಿತು, ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶದ ನಮ್ಮ ಊರಿನಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಆಗಲೇ. ಅನಂತರ ನಡುಹಗಲ ನೆರಳು ದಕ್ಷಿಣಕ್ಕೆ ತಿರುಗಿತು. ಮಕ್ಕಳನ್ನು ಹೆಚ್ಚು ಕೆಣಕಿದ್ದು ಗಡಿಯಾರ. ನೆರಳು ಅತಿ ಗಿಡ್ಡವಾದದ್ದು 12 ಗಂಟೆಗಲ್ಲ, ಹೆಚ್ಚುಕಡಿಮೆ 12.28ಕ್ಕೆ. ಭಾರತದ ಗಡಿಯಾರ 82.5 ಡಿಗ್ರಿ ರೇಖಾಂಶಕ್ಕೆ ಹೊಂದಿಸಿದ್ದು, ನಾವಿರುವುದು 75ರ ಬಳಿ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆಯ ವ್ಯತ್ಯಾಸ ಎಂದು ಭೂಪಟ ಹರಡಿಕೊಂಡು ಲೆಕ್ಕ ಹಾಕಿದೆವು. ಉಳಿದ ಒಂದೆರಡು ನಿಮಿಷದ ಕಾರಣವನ್ನು ಮಗಳು ದೊಡ್ಡವಳಾದ ಮೇಲೆ ಕಲಿಯಲಿ ಎಂದು ಬಿಟ್ಟಿದ್ದೇನೆ. ಮೇ ಕೊನೆಯ ಮಳೆಗೆ ನೇರ ಗೋಡೆಯ ಡಬ್ಬವೊಂದನ್ನು ಬಯಲಲ್ಲಿ ಇಟ್ಟು ಮಿಲಿಮೀಟರಿನಲ್ಲಿ ಅಳೆದದ್ದೂ ಉಂಟು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಬಿದ್ದರೆ ಒಂದು ಲೀಟರ್ ಎಂದು ತಿಳಿದೊಡನೆ ಮಗಳು ಮನೆಯ ಮಾಡಿನ (ಛಾವಣಿಯ) ಉದ್ದಗಲ ಅಳೆಯಲು ಹೊರಟಳು.

ಕೂಲಿ ಕೊಡುವ ಕ್ರಮ ಕೆಟ್ಟಿತೆಂಬುದನ್ನೂ ಹೇಳಬೇಕು. ಗೇರುಬೀಜ ಹೆಕ್ಕಿದ್ದಕ್ಕೆ ಕಿಲೋಗೆ ಇಷ್ಟೆಂದು ಕೊಟ್ಟಾಗ ಮಕ್ಕಳ ಗಮನವೆಲ್ಲ ಹಣದ ಮೇಲೆ ನಿಂತಿತು, ಜಗಳವಾಯಿತು, ಲೆಕ್ಕದ ಪುಸ್ತಕ ಮೂಲೆ ಸೇರಿತು. ಅದನ್ನು ನಿಲ್ಲಿಸಿ, ಕಿಲೋಗೆ ನೂರು ರೂಪಾಯಿಯ ಆಸುಪಾಸಿನಲ್ಲಿದ್ದ ಬೀಜವನ್ನು ಅಂಗಡಿಗೆ ಕೊಂಡೊಯ್ದಾಗ ತೂಕ ನೋಡಿ, ಚೀಟಿ ಓದಿ, ಮೊತ್ತ ಸರಿಯಿದೆಯೇ ಎಂದು ಹೇಳುವ ಅಧಿಕಾರವನ್ನು ಕೊಟ್ಟೆ. ಹಣಕ್ಕಿಂತ ಆ ಅಧಿಕಾರ ಅವರಿಗೆ ರುಚಿಸಿತು. ಮಕ್ಕಳು ಬೇಸರಗೊಂಡ ದಿನ ಅವರನ್ನು ಮತ್ತೆ ಪುಸ್ತಕದ ಬಳಿಗೆ ತರುವ ಉಪಾಯಗಳು ನನ್ನಲ್ಲಿ ಎರಡಿವೆ. ನನ್ನ ಮಕ್ಕಳೂ ಇದನ್ನು ಓದುವವರಾದ್ದರಿಂದ ಅವನ್ನು ಇಲ್ಲಿ ಬಿಚ್ಚಿಡುವುದಿಲ್ಲ. ದಿನಕ್ಕೆ ಒಂದೂವರೆ ಗಂಟೆಗಿಂತ ಹೆಚ್ಚು ಎಳೆಯಬಾರದು ಎಂಬುದನ್ನು ಮಾತ್ರ ಹೇಳುತ್ತೇನೆ. ಉಳಿದ ಹೊತ್ತು ಅವರು ತೋಟದಲ್ಲಿ, ಮರದಲ್ಲಿ ಇರಲಿ.

ತೂಕದ ಯಂತ್ರ, ಕಾರ್ಡುಗಳು, ಎರಡು ಉದ್ದ ಪುಸ್ತಕ, ಅಳತೆ ಟೇಪು ಎಲ್ಲ ಸೇರಿ ಕಳೆದ ಬೇಸಗೆಯ ಖರ್ಚು 600 ರೂಪಾಯಿ ಮೀರಿರಲಿಕ್ಕಿಲ್ಲ. ಶಾಲೆ ತೆರೆದ ಮೇಲೆ ಮಗ ದಶಾಂಶದ ಅಂಕೆಗಳನ್ನು ತರಗತಿಯಲ್ಲಿ ಕಲಿಸುವ ಮೊದಲೇ ಓದುತ್ತಿದ್ದ. ಮಗಳು ಸುರಂಗದ ನಕ್ಷೆಯನ್ನು ಶಾಲೆಗೆ ಒಯ್ದು ಇಡೀ ತರಗತಿಗೆ ವಿವರಿಸಿದಳು. ಶಿಬಿರವೇ ಆಗಬೇಕು ಎನ್ನುತ್ತಿದ್ದ ನನ್ನ ಅತ್ತಿಗೆ ಈ ವರ್ಷ ಮೇ ತಿಂಗಳಿಗೆ ತಮ್ಮ ಮಗನನ್ನು ನಮ್ಮಲ್ಲಿ ಬಿಡುವುದಾಗಿ ಹೇಳಿದ್ದಾರೆ.

ಪೇಟೆಯಲ್ಲಿ ಇರುವವರು ಸುರಂಗವಿಲ್ಲವೆಂದು ಕೈಬಿಡಬೇಕಾಗಿಲ್ಲ. ಬಾವಿ ಇದ್ದರೆ ಹಗ್ಗಕ್ಕೆ ಗಂಟು ಹಾಕಿ ನೀರಿನ ಆಳವನ್ನು ದೊಡ್ಡವರು ಅಳೆದು ಕೊಡಲಿ, ಮಕ್ಕಳು ಬರೆಯಲಿ. ಫ್ಲ್ಯಾಟಿನಲ್ಲಿ ಇದ್ದರೆ ಕರೆಂಟಿನ ಮೀಟರನ್ನು ದಿನವೂ ಒಂದೇ ಹೊತ್ತಿಗೆ ಓದಿ, ಮುಂದಿನ ಬಿಲ್ಲು ಎಷ್ಟು ಬಂದೀತೆಂದು ಮೊದಲೇ ಬರೆದಿಡಲಿ. ತೂಕದ ಯಂತ್ರ ಕೊಳ್ಳುವಾಗ ಒಂದು ಗ್ರಾಮಿನವರೆಗೆ ತೋರಿಸುವಂಥದ್ದನ್ನು, ಸಾಮಾನ್ಯ ಸೆಲ್‌ನಲ್ಲಿ ನಡೆಯುವಂಥದ್ದನ್ನು ಆರಿಸಿ. ಅಂಚೆ ಕಾರ್ಡುಗಳನ್ನು ಮಾರ್ಚ್‌ನಲ್ಲೇ ತಂದಿಡಿ, ಬೇಕೆಂದಾಗ ಎಲ್ಲ ಕಚೇರಿಗಳಲ್ಲೂ ಸಿಗುವುದಿಲ್ಲ.