ಹೆಬ್ಬೆರಳ ಉಗುರಿನ ಮೂಲೆ ಕತ್ತರಿಸಬೇಡಿ: ನನ್ನ ಅನುಭವ

ಪೀಣ್ಯದ ಒಂದು ಮಷಿನ್ ಶಾಪ್‌ನಲ್ಲಿ ನನ್ನ ಕೆಲಸ. ಶಿಫ್ಟ್ ಮುಗಿಯುವವರೆಗೆ ಸ್ಟೀಲ್ ಟೋ ಇರುವ ಸೇಫ್ಟಿ ಶೂ ಕಾಲಲ್ಲೇ ಇರಬೇಕು. ಹೆಬ್ಬೆರಳ ಉಗುರು ಮಾಂಸಕ್ಕೆ ಚುಚ್ಚಿಕೊಂಡು ಕುಂಟುವವರು ನಮ್ಮಲ್ಲಿ ಒಬ್ಬರಲ್ಲ ಒಬ್ಬರು ಇದ್ದೇ ಇರುತ್ತಾರೆ. ನನಗೆ ಎರಡೂ ಕಾಲಿಗೆ ಆಗಿತ್ತು. ಬಲಗಾಲಿನದು ಮನೆ ಆರೈಕೆಯಲ್ಲೇ ವಾಸಿಯಾಯಿತು, ಎಡಗಾಲಿಗೆ ಸರ್ಜನ್ ಬೇಕಾಯಿತು.

ಉಗುರಿನ ಮೂಲೆ ನೋಯುತ್ತಿದೆ ಅಂದ ಕೂಡಲೇ ಎಲ್ಲರ ಕೈಯೂ ನೇಲ್ ಕಟರ್ ಹುಡುಕುತ್ತದೆ. ಮೂಲೆಯನ್ನು ಓರೆಯಾಗಿ ಕತ್ತರಿಸಿ ತೆಗೆದರೆ ಒಂದೆರಡು ದಿನ ಹಾಯಾಗಿರುತ್ತದೆ, ನಿಜ. ಆದರೆ ಉಗುರು ಹೋದ ಜಾಗಕ್ಕೆ ಪಕ್ಕದ ಮಾಂಸ ಬಂದು ಕೂರುತ್ತದೆ. ಕಟರ್ ತಲುಪದ ಆಳದಲ್ಲಿ ಉಗುರಿನ ಸಣ್ಣ ಮುಳ್ಳೊಂದು ಉಳಿದಿರುತ್ತದೆ. ಉಗುರು ಬೆಳೆಯುತ್ತಾ ಬಂದಂತೆ ಆ ಮುಳ್ಳು ನೇರ ಮಾಂಸಕ್ಕೇ ನುಗ್ಗುತ್ತದೆ. ಮತ್ತೆ ನೋವು, ಮತ್ತೆ ಕಟರ್. ಇದನ್ನು ನಿಲ್ಲಿಸಬೇಕು ಅಂದರೆ ಮೂಲೆ ಮಾಂಸವನ್ನು ದಾಟಿ ಹೊರಗೆ ಬರುವವರೆಗೆ ಬೆಳೆಯಲು ಬಿಡಬೇಕು. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದೇ ಸುಮಾರು 1.5 ಮಿಲಿಮೀಟರ್. ಹಾಗಾಗಿ ತಾಳ್ಮೆ ಬೇಕು.

ಬಲಗಾಲಿಗೆ ಮಾಡಿದ್ದು ಇಷ್ಟು. ಬೆಚ್ಚಗಿನ ನೀರಿಗೆ ಉಪ್ಪು ಹಾಕಿ 15–20 ನಿಮಿಷ ಕಾಲು ನೆನೆಸುತ್ತಿದ್ದೆ. ಬೆಳಿಗ್ಗೆ ಒಂದು ಸಲ, ಶಿಫ್ಟ್ ಮುಗಿಸಿ ಬಂದು ಒಂದು ಸಲ. ನೆನೆದ ಮೇಲೆ ಉಗುರು ಮೆತ್ತಗಾಗುತ್ತದೆ, ಮಾಂಸವೂ ಸಡಿಲ ಆಗುತ್ತದೆ. ಆಗ ಬೆರಳಿನಿಂದಲೇ ಮಾಂಸವನ್ನು ಉಗುರಿನಿಂದ ಮೆಲ್ಲಗೆ ಆಚೆ ಒತ್ತಬೇಕು. ಮೆಡಿಕಲ್ ಶಾಪ್ ಹತ್ತಿಯಿಂದ ಒಂದು ಚಿಟಿಕೆ ತೆಗೆದು ಹೂಬತ್ತಿ ಹೊಸೆಯುವ ಹಾಗೆ ತೆಳ್ಳಗೆ ಹೊಸೆಯಬೇಕು. ಅದನ್ನು ಉಗುರಿನ ಮೂಲೆಯ ಅಡಿಗೆ ಸ್ವಲ್ಪ ಸ್ವಲ್ಪವೇ ಸೇರಿಸಬೇಕು. ಪಿನ್ನು, ಚಾಕುವಿನ ತುದಿ ಯಾವುದನ್ನೂ ತರಬೇಡಿ. ಮೊದಲ ದಿನ ತುದಿ ಮಾತ್ರ ಹೋಗುತ್ತದೆ, ಅಷ್ಟೇ ಸಾಕು. ಹತ್ತಿ ದಿನಾ ಬದಲಿಸಲೇಬೇಕು, ಒದ್ದೆ ಹತ್ತಿ ಅಲ್ಲೇ ಉಳಿದರೆ ಕೀವಿಗೆ ದಾರಿ. ದಿನ ಕಳೆದಂತೆ ಹತ್ತಿ ಇನ್ನಷ್ಟು ಒಳಗೆ ಹೋಗುತ್ತದೆ, ಮೂಲೆ ಮೇಲೇಳುವುದು ಕಣ್ಣಿಗೇ ಕಾಣುತ್ತದೆ.

ಇದರ ಜೊತೆಗೆ ಗಾಯಕ್ಕೆ ಹಾಕುವ ಮೆಡಿಕಲ್ ಟೇಪ್ ಹಾಕುತ್ತಿದ್ದೆ. ಉಗುರಿನ ಪಕ್ಕದ ಮಾಂಸಕ್ಕೆ ಟೇಪ್‌ನ ಒಂದು ತುದಿ ಅಂಟಿಸಿ, ಉಗುರಿನಿಂದ ದೂರಕ್ಕೆ ಎಳೆದು, ಬೆರಳ ಅಡಿಯಿಂದ ಓರೆಯಾಗಿ ಸುತ್ತುವುದು. ಬೆರಳು ಬಿಗಿದು ನೀಲಿಯಾಗಬಾರದು. ಶೂ ಹಾಕುವವರಿಗೆ ಇದರಿಂದ ತುಂಬಾ ಆರಾಮ.

ಶೂ ಬದಲಿಸದೆ ಏನು ಮಾಡಿದರೂ ದಂಡ. ಸಂಜೆ ಹೊತ್ತು ಕಾಲು ಸ್ವಲ್ಪ ಊದಿರುತ್ತದೆ, ಆಗಲೇ ಅಳತೆ ನೋಡಿ. ಉದ್ದ ಸರಿಯಿದ್ದರೂ ಮುಂಭಾಗದ ಅಗಲ ಸಾಲದೇ ಇರಬಹುದು. ಲೇಸ್ ಸಡಿಲ ಇದ್ದರೂ ತೊಂದರೆ: ನಡೆದಾಗಲೆಲ್ಲ ಕಾಲು ಮುಂದಕ್ಕೆ ಜಾರಿ ಹೆಬ್ಬೆರಳು ಸ್ಟೀಲ್‌ಗೆ ಗುದ್ದುತ್ತದೆ. ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ನಾನು ಊಟದ ಹೊತ್ತಿಗೆ ಸಾಕ್ಸ್ ಬದಲಿಸುತ್ತೇನೆ.

ಎಡಗಾಲಿನ ಕತೆ ಬೇರೆ. ಕೀವು, ಊತ, ಮುಟ್ಟಿದರೆ ರಕ್ತ ಬರುವ ಕೆಂಪು ಮಾಂಸ. ಆ ಹಂತಕ್ಕೆ ಹೋದರೆ ಹತ್ತಿ ಸಾಕಾಗುವುದಿಲ್ಲ, ಡಾಕ್ಟರ ಹತ್ತಿರ ಹೋಗಲೇಬೇಕು. ಬೆರಳ ಬುಡಕ್ಕೆ ಎರಡೂ ಕಡೆ ಮರಗಟ್ಟುವ ಇಂಜೆಕ್ಷನ್ ಕೊಟ್ಟರು. ಅದೊಂದೇ ನೋವು. ಆಮೇಲೆ ಉಗುರಿನ ಅಂಚನ್ನು ಉದ್ದಕ್ಕೆ ಒಂದು ಪಟ್ಟಿಯಷ್ಟು ತೆಗೆದು, ಬೇರಿಗೆ ಫೀನಾಲ್ ಅನ್ನುವ ರಾಸಾಯನಿಕ ಹಚ್ಚಿದರು. ಫೀನಾಲ್ ಆ ಅಂಚಿನ ಬೇರನ್ನು ಸುಡುತ್ತದೆ, ಅಷ್ಟು ಭಾಗ ಸಾಮಾನ್ಯವಾಗಿ ಮತ್ತೆ ಬೆಳೆಯುವುದಿಲ್ಲ. ಬೇರಿಗೆ ಏನೂ ಮಾಡದೆ ಬರೀ ಉಗುರು ಕೀಳಿಸಿಕೊಂಡರೆ ಅದು ಮತ್ತೆ ಹಾಗೇ ಚುಚ್ಚುವುದು ಜಾಸ್ತಿ. ಹಾಗಾಗಿ ‘ಬೇರಿಗೆ ಏನು ಮಾಡ್ತೀರಿ ಡಾಕ್ಟ್ರೇ?’ ಅಂತ ಮೊದಲೇ ಕೇಳಿ. ಗಾಯದಿಂದ ಕೆಲವು ವಾರ ನೀರು ಜಿನುಗುತ್ತದೆ, ಹೆದರಬೇಕಿಲ್ಲ.

ಇನ್ನು ಉಗುರಿಗೆ ಫಂಗಸ್ ಆದರೆ? ಇದು ನಮ್ಮ ಅಪ್ಪನಿಗೆ ಆಗಿತ್ತು. ಉಗುರು ಹಳದಿಯಾಗಿ, ದಪ್ಪಗಾಗಿ, ಅಡಿಯಲ್ಲಿ ಪುಡಿ ಪುಡಿ. ದಪ್ಪಗಾದ ಉಗುರೆಲ್ಲ ಫಂಗಸ್ ಅಲ್ಲ, ಪೆಟ್ಟಿನಿಂದಲೂ ಸೋರಿಯಾಸಿಸ್ ಅನ್ನುವ ಚರ್ಮದ ಕಾಯಿಲೆಯಿಂದಲೂ ಹಾಗಾಗುತ್ತದೆ. ಅದಕ್ಕೇ ಚರ್ಮದ ಡಾಕ್ಟರು ಉಗುರಿನ ಅಡಿಯಿಂದ ಸ್ವಲ್ಪ ಕೆರೆದು ಲ್ಯಾಬ್‌ಗೆ ಕಳಿಸಿದರು. ಫಂಗಸ್ ಖಚಿತವಾದ ಮೇಲೆ ಫಂಗಸ್ ಕೊಲ್ಲುವ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆ, ದಿನಕ್ಕೆ ಒಂದು, 12 ವಾರ. ಶುರು ಮಾಡುವ ಮೊದಲು ಲಿವರ್‌ನ ರಕ್ತ ಪರೀಕ್ಷೆ. ಇದನ್ನು ಸುಮ್ನೆ ಅಂಗಡಿಯಲ್ಲಿ ಕೇಳಿ ನುಂಗುವುದು ಬೇಡ. ಸ್ಟೀರಾಯ್ಡ್ ಬೆರೆಸಿದ ಕ್ರೀಮ್‌ಗಳೂ ಬೇಡ. ತುರಿಕೆ ಅಡಗುತ್ತದೆ, ಫಂಗಸ್ ಒಳಗೊಳಗೇ ಹರಡುತ್ತದೆ.

ಮಾತ್ರೆ ಮುಗಿದಾಗ ಅಪ್ಪ ಬೇಜಾರಾದರು, ಉಗುರು ಹಾಗೇ ಇದೆ ಅಂತ. ಬುಡದಲ್ಲಿ ತೆಳ್ಳಗೆ, ಗುಲಾಬಿ ಬಣ್ಣದ ಹೊಸ ಉಗುರು ಬಂದಿತ್ತು. ಅದನ್ನೇ ತೋರಿಸಿದೆ. ಹಳೆಯದು ಹೊಸದರ ನಡುವಿನ ಗೆರೆ ಮುಂದಕ್ಕೆ ಸರಿಯುತ್ತಿದೆ ಅಂದರೆ ಔಷಧಿ ಕೆಲಸ ಮಾಡಿದೆ ಅಂತ ಅರ್ಥ. ಹೆಬ್ಬೆರಳ ಉಗುರು ಪೂರ್ತಿ ಬದಲಾಗಲು 12ರಿಂದ 18 ತಿಂಗಳು ಹಿಡಿಯುತ್ತದೆ.

ಅಪ್ಪನಿಗೆ ಸಕ್ಕರೆ ಕಾಯಿಲೆಯೂ ಇದೆ. ನಾನು ನನ್ನ ಬೆರಳಿಗೆ ಮಾಡಿಕೊಂಡದ್ದು ಯಾವುದನ್ನೂ ಅವರಿಗೆ ಮಾಡುವುದಿಲ್ಲ. ಸ್ಪರ್ಶ ಕಡಿಮೆಯಾದ ಕಾಲಿಗೆ ನೀರು ಸುಟ್ಟರೂ ಗೊತ್ತಾಗುವುದಿಲ್ಲ, ಸಣ್ಣ ಗಾಯವೂ ಬೇಗ ಕೆಡುತ್ತದೆ. ಸುಣ್ಣ, ಅರಿಶಿನ ಅಂತ ಮೆತ್ತಲು ಬಂದವರನ್ನು ಅಮ್ಮ ಬಾಗಿಲಲ್ಲೇ ತಡೆಯುತ್ತಾರೆ, ಸುಣ್ಣಕ್ಕೆ ಚರ್ಮ ಸುಡುತ್ತದಲ್ವಾ? ರಾತ್ರಿ ಅಪ್ಪನ ಕಾಲು ತೊಳೆದು, ಬೆರಳ ಸಂದಿ ಒರೆಸಿ, ಟಾರ್ಚ್ ಹಿಡಿದು ಒಂದೊಂದೇ ಉಗುರು ನೋಡುತ್ತೇನೆ. ಅವರ ನೇಲ್ ಕಟರ್ ಬೇರೆ ಇಟ್ಟಿದ್ದೇವೆ. ಎಲ್ಲಾದರೂ ಕೆಂಪಗಾಗಿದ್ದರೆ ಮರುದಿನ ಬೆಳಿಗ್ಗೆಯೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ.